ಇಟಲಿಯ ಬಾರಿನ ಬಾಗಿಲಲ್ಲಿ

ಹೊಸ ದೇಶಕ್ಕೆ ಹೊರಟವನಿಗೆ ಏನೂ ಗೊತ್ತಿಲ್ಲದಿದ್ದರೆ ಹೇಗೋ ನಡೆದುಹೋಗುತ್ತದೆ. ಅರ್ಧ ಗೊತ್ತಿದ್ದರೇ ಫಜೀತಿ. ನಾನು ಇಟಲಿಗೆ ಹೋದದ್ದು ಆ ಸ್ಥಿತಿಯಲ್ಲಿ. ಸಿಂಧನೂರಿನಲ್ಲಿ ನನ್ನದೊಂದು ರೈಸ್ ಮಿಲ್ ಇದೆ. ಅಕ್ಕಿಯಲ್ಲಿನ ಕಪ್ಪು ಕಾಳು ಆರಿಸುವ ಹೊಸ ಯಂತ್ರ ತೋರಿಸುತ್ತೇವೆಂದು ಅಲ್ಲಿನ ಕಂಪನಿಯೊಂದು ನಮ್ಮ ಕಡೆಯ ಕೆಲವು ಮಿಲ್ಲಿನವರನ್ನು ಹೆಂಡತಿಯರ ಸಮೇತ ಕರೆದಿತ್ತು. ಇಟಲಿಯಲ್ಲೂ ಭತ್ತ ಬೆಳೆಯುತ್ತಾರೆಂಬುದೇ ನನಗೆ ಹೊಸ ಸುದ್ದಿ. ನಮ್ಮ ಪಕ್ಕದ ವಳಕಮದಿನ್ನಿಯ ಗದ್ದೆ ಬಿಟ್ಟು ಅಲ್ಲಿಯ ಗದ್ದೆ ನೋಡಲು ಅಷ್ಟು ದೂರ ಹೋಗಬೇಕೇ ಎಂದು ನನ್ನ ಹೆಂಡತಿ ಗಿರಿಜೆ ಕೇಳಿದಳು. ಕೇಳುತ್ತಲೇ ಸೀರೆಗಳನ್ನು ಮಡಿಚಿ ಪೆಟ್ಟಿಗೆಯಲ್ಲಿಟ್ಟಳು.

ಹೋಗುವ ಮುಂಚೆ ತಿಳಿದವರನ್ನು ಕೇಳೋಣವೆಂದು ಲಿಂಗಸುಗೂರಿಗೆ ಹೋದೆ. ಅಲ್ಲಿನ ಬಟ್ಟೆ ವ್ಯಾಪಾರಿ ಮಲ್ಲಣ್ಣ ನನ್ನ ಗೆಳೆಯ. ಟೂರಿನ ಬಸ್ಸಿನಲ್ಲಿ ಕುಳಿತು ಆ ದೇಶ ನೋಡಿ ಬಂದವನು.

"ನಮ್ಮ ಚಾರ್ಜರ್ ಅಲ್ಲಿ ಕೂಡಂಗಿಲ್ಲ, ಬ್ಯಾರೆ ಪಿನ್ ಬೇಕು," ಎಂದ. "ರೈಲಿನ ಟಿಕೀಟು ತಗೊಂಡ್ರ ಸಾಲಂಗಿಲ್ಲ, ಹತ್ತೂಕಿಂತ ಮೊದ್ಲ ಮಷೀನಿನ್ಯಾಗ ಠಸ್ಸೆ ಹೊಡಿಸಬೇಕು. ಇಲ್ಲಾಂದ್ರ ದಂಡ. ನೀರು ಬಾಟ್ಲಿದ ಕುಡಿ."

"ನಳದ ನೀರು ಭಾಳ ಚೊಲೋ ಅಂತ ವೀಸಾ ಮಾಡಿಸಿದಾಂವ ಹೇಳಿದ್ನಲ್ಲೋ?"

"ಅದೂ ಚೊಲೋನ ಐತಿ. ಆದ್ರ ನೀ ಕುಡೀಬ್ಯಾಡ."

ಊಟದ ಬಗ್ಗೆ ಕೇಳಿದರೆ, ಟೂರಿನವರು ಕೊಟ್ಟದ್ದನ್ನು ತಿಂದೆ, ಅದು ಏನೆಂದು ಈಗಲೂ ಗೊತ್ತಿಲ್ಲ ಎಂದ. ಬಸ್ಸಿನಲ್ಲಿ ವಾಪಸು ಬರುವಾಗ ನನಗೆ ಒಂದೂ ಉತ್ತರ ನೆನಪಿರಲಿಲ್ಲ, ಪ್ರಶ್ನೆಗಳು ಮಾತ್ರ ಜಾಸ್ತಿಯಾಗಿದ್ದವು.

ಫಜೀತಿ ಶುರುವಾದದ್ದು ಯಂತ್ರ ನೋಡಿದ ದಿನದ ಊಟದಲ್ಲಿ. ಮಾಂಸ ಬೇಡವೆಂದು ನಾವು ಕೈಯಾಡಿಸಿದ್ದಕ್ಕೆ ಬಹಳ ಮರ್ಯಾದೆಯಿಂದ ಮೀನು ತಂದಿಟ್ಟರು. ಗಿರಿಜೆ ಬರೀ ನೀರು ಕುಡಿದು ಎದ್ದಳು. ಉಳಿದವರು ಗದ್ದೆ ನೋಡಲು ಹೋದರು, ನಾವಿಬ್ಬರು ಏನಾದರೂ ತಿನ್ನಲು ಸಿಕ್ಕೀತೆಂದು ಊರೊಳಗೆ ಹೊರಟೆವು. ನೋಡಿದರೆ ಎಲ್ಲ ಅಂಗಡಿಗಳ ಬಾಗಿಲೂ ಮುಚ್ಚಿವೆ. ಬೀದಿಯಲ್ಲಿ ನರಪಿಳ್ಳೆಯಿಲ್ಲ.

"ಯಾರರ ದೊಡ್ಡ ಮನುಷ್ಯಾರು ತೀರ್ಕೊಂಡಾರೇನ್ರೀ?" ಎಂದು ಗಿರಿಜೆ ಮೆಲ್ಲಗೆ ಕೇಳಿದಳು. ನಾನೂ ಬಂದ್ ಇರಬೇಕೆಂದೇ ತಿಳಿದೆ. ಅಲ್ಲಿಯವರು ದಿನಾ ಮಧ್ಯಾಹ್ನ ಅಂಗಡಿ ಮುಚ್ಚಿ ಉಂಡು ಮಲಗುತ್ತಾರೆಂದು ಮಲ್ಲಣ್ಣ ಹೇಳಿರಲಿಲ್ಲ. ಅವನೂ ಆಗ ಬಸ್ಸಿನಲ್ಲಿ ಮಲಗಿದ್ದಿರಬೇಕು.

ಸ್ವಲ್ಪ ದೂರ ನಡೆಯುವಷ್ಟರಲ್ಲಿ ಗಿರಿಜೆ ಗೋಡೆ ಹಿಡಿದು ನಿಂತಳು. ಆಕೆಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಗುಳಿಗೆ ನುಂಗಿದ್ದಳು, ಹೊಟ್ಟೆ ಖಾಲಿ. ಹಣೆ ತುಂಬ ಬೆವರು. ಸಕ್ಕರೆ ಇಳಿದಿದೆ, ಕೂಡಲೇ ಏನಾದರೂ ಸಿಹಿ ಹೊಟ್ಟೆಗೆ ಬೀಳಬೇಕು. ಮೂಲೆಯಲ್ಲಿ ಒಂದೇ ಒಂದು ಬಾಗಿಲು ತೆರೆದಿತ್ತು. ಅದರ ಮೇಲೆ ದೊಡ್ಡ ಅಕ್ಷರದಲ್ಲಿ 'ಬಾರ್' ಎಂದಿತ್ತು. ಆ ಊರಿನಲ್ಲಿ ನನಗೆ ಓದಲು ಬಂದ ಬೋರ್ಡು ಅದೊಂದೇ. ಕೊರಳಲ್ಲಿ ಲಿಂಗ ಕಟ್ಟಿಕೊಂಡವನು, ಸಿಂಧನೂರಿನಲ್ಲಿ ಅಂಥ ಬೋರ್ಡು ಕಂಡರೆ ರಸ್ತೆಯ ಆಚೆ ಬದಿಗೆ ದಾಟುವವನು ನಾನು. ಹೆಂಡತಿಯನ್ನು ಕರೆದುಕೊಂಡು ಹೇಗೆ ಹೋಗಲಿ?

"ಇನ್ನೊಂದು ಚೂರು ನಡಿ, ಹೋಟ್ಲು ಸಿಗತೈತಿ," ಎಂದೆ.

"ಒಳಗ ಮುದುಕಿ ಕುಂತಾಳ, ಸಣ್ಣ ಹುಡುಗರೂ ಅದಾವ."

"ಈ ದೇಶದಾಗ ಎಲ್ಲಾರೂ ಕುಡೀತಾರ."

"ನನಗ ಕೈಕಾಲು ನಡುಗಾಕತ್ತಾವ್ರಿ. ನೀವು ಮರ್ಯಾದಿ ಕಾಕೋತ ಇಲ್ಲೇ ನಿಂದರ್ರಿ," ಎಂದವಳೇ ಒಳಗೆ ಹೋಗಿಬಿಟ್ಟಳು.

ನಾನು ಹೊರಗೆ ನಿಂತೆ. ಒಳಗೆ ಹೋಗಲು ನಾಚಿಕೆ, ಹೊರಗಿರಲು ಭಯ. ಗಾಜಿನಲ್ಲಿ ಇಣುಕಿದರೆ ಗಲ್ಲೆಯಲ್ಲಿದ್ದ ಹೆಂಗಸು ಗಿರಿಜೆಯನ್ನು ಕುರ್ಚಿಯಲ್ಲಿ ಕೂರಿಸಿ ಬಾಯಿಗೆ ಲೋಟ ಹಿಡಿಯುತ್ತಿದ್ದಳು. ಅದರಲ್ಲಿ ಏನಿದೆಯೋ ಎಂಬ ಗಾಬರಿಯಲ್ಲಿ ಕೊನೆಗೆ ನಾನೂ ನುಗ್ಗಿದೆ. ಅದು ಹಣ್ಣಿನ ರಸ. ಪಕ್ಕದಲ್ಲಿ ಬನ್ನು. ಮುದುಕಿಯ ಮುಂದೆ ಕಾಫಿ, ಹುಡುಗರ ಕೈಯಲ್ಲಿ ಐಸ್‌ಕ್ರೀಮು. ಆದರೆ ಹಿಂದಿನ ಕಪಾಟಿನಲ್ಲಿ ಸೀಸೆಗಳೂ ಸಾಲಾಗಿದ್ದವು. ನನಗೆ ಏನೂ ಅರ್ಥವಾಗಲಿಲ್ಲ.

"ಏನಂತ ಕೇಳಿದಿ?" ಎಂದೆ.

"ಸಕ್ರಿ, ಸಕ್ರಿ ಅಂದೆ. ಆಕಿಗೆ ತಿಳೀತು," ಎಂದಳು. ಅವರ ಭಾಷೆಯಲ್ಲಿ ಸಕ್ಕರೆಗೆ ಹೆಚ್ಚುಕಡಿಮೆ ಹಾಗೆಯೇ ಅನ್ನುತ್ತಾರಂತೆ. ಮುಖಕ್ಕೆ ಕಳೆ ಬಂದ ಮೇಲೆ ಸುತ್ತ ನೋಡಿ, "ಇದು ನಮ್ಮ ಚಾದಂಗಡಿ ಇದ್ದಂಗ ಐತ್ರಿ. ಬೋರ್ಡು ತಪ್ಪು ಬರದಾರ, ಅಷ್ಟ," ಎಂದಳು.

ಅಲ್ಲಿದ್ದ ಉಳಿದ ದಿನಗಳಲ್ಲಿ ನಮ್ಮ ಕಾಫಿ, ಬನ್ನು ಎಲ್ಲ ಬಾರಿನಲ್ಲೇ ನಡೆಯಿತು. ಊರಿಗೆ ಬಂದ ಮೇಲೆ ನಾನೂ ತಿಳಿದವರ ಸಾಲಿಗೆ ಸೇರಿದೆ. ಮಸ್ಕಿಯ ಒಂದು ಮದುವೆಯಲ್ಲಿ ಇಟಲಿಗೆ ಹೋದರೆ ಮುಖ್ಯವಾಗಿ ಏನು ಗೊತ್ತಿರಬೇಕು ಎಂದು ಯಾರೋ ಕೇಳಿದರು. ಹಿಂದೆಮುಂದೆ ನೋಡದೆ ಬಾರಿಗೆ ಹೋಗಿಬಿಡಿ, ನಾವಂತೂ ದಿನಾ ಇಬ್ಬರೂ ಹೋಗುತ್ತಿದ್ದೆವು ಎಂದೆ. ಪೂರ್ತಿ ವಿವರಿಸುವಷ್ಟರಲ್ಲಿ ಅಕ್ಷತೆ ಹಾಕಲು ಕರೆದರು.

ಮರುವಾರ ಮಸ್ಕಿಯಿಂದ ನಮ್ಮ ಮಾವನವರು ಬಂದರು. ಗಿರಿಜೆ ಚಹಾ ಮಾಡಲು ಒಳಗೆ ಹೋಗುವುದನ್ನೇ ಕಾದು, ನನ್ನ ಪಕ್ಕಕ್ಕೆ ಸರಿದು ಕುಳಿತರು.

"ಅಳಿಯಂದ್ರ, ಒಮ್ಮೆ ಹತ್ತಿದ್ದು ಬಿಡೋದು ತ್ರಾಸ ಅಂತ ನನಗೂ ಗೊತ್ತೈತ್ರಿ. ಆದ್ರ ಗಿರಿಜಾಗ ಯಾಕ ಕಲಿಸಿದ್ರಿ?"

ನಾನು ಬನ್ನು, ಹಣ್ಣಿನ ರಸ, ಮುದುಕಿಯ ಕಾಫಿ, ಎಲ್ಲವನ್ನೂ ಬಿಡಿಸಿ ಹೇಳಿದೆ. ಅವರು ಸಮಾಧಾನದಿಂದ ಕೇಳಿದರು.

"ಎಲ್ಲಾರೂ ಮೊದ್ಲ ಕಾಫಿ ಕುಡಿಯಾಕ ಹೋಗಿದ್ದೆ ಅಂತನ ಹೇಳತಾರ್ರಿ," ಎಂದರು.

ಅಡುಗೆಮನೆಯಲ್ಲಿ ಗಿರಿಜೆ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು, ಸಾಕ್ಷಿ ಹೇಳಲು ಹೊರಗೆ ಬರಲಿಲ್ಲ. ನಾನು ವಾದ ಮಾಡಿದಷ್ಟೂ ಮಾವನವರ ಮುಖದಲ್ಲಿ ಕನಿಕರ ಹೆಚ್ಚಾಗತೊಡಗಿತು. ಕೊನೆಗೆ, ಇದುವರೆಗೆ ಮುಟ್ಟದ ಹೆಂಡವನ್ನು ಇವತ್ತಿನಿಂದ ಬಿಟ್ಟೆನೆಂದು ಬರುವ ಸೋಮವಾರ ಅವರ ಮನೆದೇವರ ಮುಂದೆ ಆಣೆ ಮಾಡಲು ಒಪ್ಪಿಕೊಂಡಿದ್ದೇನೆ.