ಅಂಪೈರಿಗೊಂದು ಮಸಾಲೆ ದೋಸೆ

ಇನ್ನೊಬ್ಬರ ಬಾಯಿ ಮುಚ್ಚಿಸಲು ನಿಯಮ ಮಾಡಿದಲ್ಲೆಲ್ಲ ಏನಾದರೊಂದು ಎಡವಟ್ಟು ಆಗಿಯೇ ಆಗುತ್ತದೆ. ಐವತ್ತರ ದಶಕದಲ್ಲಿ ಮುಂಬಯಿಯ ನಮ್ಮವರ ಹೋಟೆಲುಗಳು ಸೇರಿ ಒಂದು ಕ್ರಿಕೆಟ್ ಲೀಗ್ ನಡೆಸುತ್ತಿದ್ದವು. ಭಾನುವಾರ ಊಟದ ಗಿರಾಕಿಗಳು ಎದ್ದು ಸಂಜೆಯ ತಿಂಡಿಯವರು ಬಂದು ಕೂರುವುದರೊಳಗೆ ಪಾರ್ಲೆಯ ಮೈದಾನದಲ್ಲಿ ಮ್ಯಾಚು ಮುಗಿಯಬೇಕು. ನಾನು ಫೋರ್ಟ್ ಬಡಾವಣೆಯ ಒಂದು ಆಫೀಸಿನಲ್ಲಿ ಗುಮಾಸ್ತ. ಇಂಗ್ಲಿಷ್ ಬರುತ್ತದೆಂಬ ಒಂದೇ ತಪ್ಪಿಗೆ ನನ್ನನ್ನು ಲೀಗಿನ ಕಾರ್ಯದರ್ಶಿ ಮಾಡಿದ್ದರು.

೧. ದಂಡ

ಆಟಗಾರರು ಎಲ್ಲರೆದುರೇ ಅಂಪೈರನ್ನು ಬೈಯುವುದು ಹೆಚ್ಚಾಗಿತ್ತು. ನಾನು ದಿನಾ ಊಟಕ್ಕೆ ಹೋಗುತ್ತಿದ್ದ ಹೋಟೆಲಿನದೇ ನಮ್ಮ ತಂಡ, ಅದರ ಧಣಿಗಳೇ ಲೀಗಿಗೂ ಅಧ್ಯಕ್ಷರು. "ದಂಡ ಹಾಕುವ. ಬೈದವನು ತನ್ನ ಖರ್ಚಿನಲ್ಲಿ ಅಂಪೈರಿಗೆ ಮಸಾಲೆ ದೋಸೆ, ಕಾಫಿ ಕೊಡಬೇಕು. ಮೂರನೆಯ ಸಲ ಬೈದರೆ ಮೈದಾನದಿಂದಲೇ ಹೊರಗೆ" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು, ಅಂಪೈರು ಸ್ವಲ್ಪ ಜೋರಾಗಿಯೇ.

ಅಂಪೈರು ನಿವೃತ್ತ ಮೇಷ್ಟ್ರು, ಕಿವಿ ಮಂದ. ಸಾಂತಾಕ್ರೂಜಿನ ವಿಮಾನ ನೆತ್ತಿಯ ಮೇಲೆ ಹಾದರೂ ಕತ್ತೆತ್ತದವರು. ಚೆಂಡು ಬ್ಯಾಟಿಗೆ ತಾಗಿದ್ದಂತೂ ಅವರಿಗೆ ಯಾವತ್ತೂ ಕೇಳಿಸಿದ್ದಿಲ್ಲ. ನಿಯಮ ಬಂದ ಮೊದಲ ಭಾನುವಾರ ನಮ್ಮ ಬೌಲರು, ಅಂದರೆ ಹೋಟೆಲಿನ ದೋಸೆ ಭಟ್ಟರು, ದೂರದ ಬೌಂಡರಿಯಲ್ಲಿ ನಿಂತು "ಇವರಿಗೆ ಎಂತದೂ ಕಾಣುವುದಿಲ್ಲ ಮಾರಾಯ್ರೆ" ಎಂದು ಗೊಣಗಿದರು.

ಮೇಷ್ಟ್ರು ವಿಕೆಟ್ಟಿನ ಹಿಂದಿನಿಂದಲೇ ಕೂಗಿದರು: "ಬೆಣ್ಣೆ ಸ್ವಲ್ಪ ಜಾಸ್ತಿ ಇರಲಿ ಭಟ್ರೇ!"

೨. ಹೊಗಳಿಕೆ

ಭಟ್ಟರು ಹುಷಾರಾದರು. ಮುಂದಿನ ಮ್ಯಾಚಿನಲ್ಲಿ ಕಣ್ಣಿಗೆ ಹೊಡೆಯುವಂಥ ಔಟನ್ನು ಮೇಷ್ಟ್ರು ಕೊಡಲಿಲ್ಲ. ಭಟ್ಟರು ಎರಡೂ ಕೈ ಜೋಡಿಸಿ, "ನಿಮ್ಮಂಥ ಅಂಪೈರು ಈ ಬೊಂಬಾಯಿಯಲ್ಲೇ ಇಲ್ಲ. ಕಣ್ಣು ಅಂದರೆ ನಿಮ್ಮದು!" ಎಂದರು. ಮೈದಾನವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮೇಷ್ಟ್ರು ದೂರು ಕೊಟ್ಟರು, ಕಮಿಟಿ ಕೂತಿತು.

"ಹೊಗಳಿದ್ದಕ್ಕೆ ದಂಡ ಹಾಕುವುದು ಹೇಗೆ ಸಾರ್?" ಎಂದೆ.

"ಜೀವಮಾನವೆಲ್ಲ ಹುಡುಗರಿಗೆ ಪಾಠ ಹೇಳಿದವನು ನಾನು. ನನ್ನನ್ನು ನಿಜವಾಗಿ ಹೊಗಳುವವರು ಯಾರೂ ಇಲ್ಲ ಅಂತ ನನಗೆ ಚೆನ್ನಾಗಿ ಗೊತ್ತು" ಎಂದರು ಮೇಷ್ಟ್ರು. ಕಮಿಟಿ ಅದನ್ನೂ ಬೈಗುಳವೆಂದೇ ಬರೆಸಿತು. ಎರಡನೆಯ ದೋಸೆಯೂ ಹೋಯಿತು.

೩. ಬೀಡಾ

ಫೈನಲ್ಲಿಗೆ ಬಂದೆವು. ಗೆಲ್ಲುವ ಕಪ್ಪನ್ನು ಇಡಲೆಂದು ಧಣಿಗಳು ಗಲ್ಲೆಯ ಮೇಲಿನ ಗಣಪತಿಯನ್ನೇ ಸ್ವಲ್ಪ ಪಕ್ಕಕ್ಕೆ ಸರಿಸಿದ್ದರು. ಆದರೆ ಭಟ್ಟರ ಬಾಯಿಂದ ಇನ್ನೊಂದು ಮಾತು ಬಿದ್ದರೆ ಅವರು ಹೊರಗೆ, ಅವರಿಲ್ಲದೆ ನಮಗೆ ಬೌಲಿಂಗೇ ಇಲ್ಲ. ಧಣಿಗಳು ತಾವೇ ದಪ್ಪದೊಂದು ಬೀಡಾ ಕಟ್ಟಿಸಿ ತಂದು ಭಟ್ಟರ ಬಾಯಿಗಿಟ್ಟರು. "ಇದು ಇರುವಷ್ಟು ಹೊತ್ತು ಮಾತು ಬರುವುದಿಲ್ಲ. ಉಗುಳಬೇಡಿ, ಆಯ್ತಾ?"

ಉಪಾಯ ಫಲಿಸಿತು. ಎರಡು ಔಟುಗಳನ್ನು ಮೇಷ್ಟ್ರು ನಿರಾಕರಿಸಿದರೂ ಭಟ್ಟರು ಕೆನ್ನೆ ಉಬ್ಬಿಸಿಕೊಂಡು "ಊಂ" ಎಂದರಷ್ಟೇ. ಅವರ ಕಣ್ಣಲ್ಲಿ ನೀರಿತ್ತು. ಸಿಟ್ಟಿಗೋ ಸುಣ್ಣಕ್ಕೋ ತಿಳಿಯಲಿಲ್ಲ.

ಕೊನೆಯ ಬ್ಯಾಟುಗಾರ ಬಂದ. ಇವನೊಬ್ಬ ಹೋದರೆ ಕಪ್ಪು ನಮ್ಮದು. ಭಟ್ಟರು ಎಸೆದ ಚೆಂಡು ನೇರ ವಿಕೆಟ್ಟಿನ ಮುಂದೆ ಅವನ ಕಾಲಿಗೆ ಬಡಿಯಿತು. ಭಟ್ಟರಿಗೆ ಬೀಡಾ, ಧಣಿ, ಗಣಪತಿ ಎಲ್ಲ ಮರೆತುಹೋಯಿತು. ಗರ್ರನೆ ಮೇಷ್ಟ್ರತ್ತ ತಿರುಗಿ, ಇದ್ದಬದ್ದ ಉಸಿರೆಲ್ಲ ಸೇರಿಸಿ ಕಿರುಚಿದರು: "ಹೌಝ್ಝಾಟ್!"

ಮೇಷ್ಟ್ರ ಬಿಳಿ ಕೋಟು ಕುತ್ತಿಗೆಯಿಂದ ಕೊನೆಯ ಗುಂಡಿಯವರೆಗೆ ಕೆಂಪು, ಕನ್ನಡಕವೂ ಕೆಂಪು. ಅವರು ಕನ್ನಡಕ ತೆಗೆದು ಒರೆಸಿಕೊಂಡರು, ಮತ್ತೆ ಹಾಕಿಕೊಂಡರು, ನಿಧಾನವಾಗಿ ಬೆರಳೆತ್ತಿದರು. ಔಟ್! ನಾನು ಕಾರ್ಯದರ್ಶಿ ಎಂಬುದನ್ನೂ ಮರೆತು ಕುಣಿದೆ. ಆ ಮುದುಕರ ಮೇಲೆ ನನಗೆ ಅಂದು ಬಂದಷ್ಟು ಪ್ರೀತಿ ಮತ್ತೆ ಯಾವ ಅಂಪೈರಿನ ಮೇಲೂ ಬಂದಿಲ್ಲ.

ಸಂಜೆ ಕಮಿಟಿ ಕೂತಿತು. ಇದು ಟೀಕೆಯೋ, ಅಪೀಲೋ? ವಾದ ಮುಗಿಯುವಂತೆ ಕಾಣಲಿಲ್ಲ. ಕೊನೆಗೆ ಮೇಷ್ಟ್ರು ಬನಿಯನ್ನಿನಲ್ಲೇ ಎದ್ದು ನಿಂತರು. "ನನಗೆ ದೋಸೆಯೂ ಬೇಡ, ದಂಡವೂ ಬೇಡ. ನಿಯಮ ತಿದ್ದಿ, ಸಾಕು."

ನಾನು ಪೆನ್ನು ತೆಗೆದೆ.

"ಬರೆದುಕೊಳ್ಳಪ್ಪ. ಆಟಗಾರರು ಅಂಪೈರನ್ನು ಎಷ್ಟು ಬೇಕಾದರೂ ಬೈಯಬಹುದು. ಬಾಯಿ ಮಾತ್ರ ಖಾಲಿ ಇರಬೇಕು."