ಯಾವ ಗೆರೆ ಯಾರದು

ಗ್ರಾಫ್‌ನ ಮೂಲೆಯ ಆ ಸಣ್ಣ ಪೆಟ್ಟಿಗೆಯನ್ನು ಒಂಚೂರು ಪಕ್ಕಕ್ಕೆ ಸರಿಸಿಬಿಡಿ ಎಂದು ಸಾಹೇಬರು ಹೇಳಿದಾಗ ಬೆಳಿಗ್ಗೆ ಒಂಬತ್ತೂವರೆ. ಎರಡು ನಿಮಿಷದ ಕೆಲಸ ಎಂದು ಅವರೇ ಸೇರಿಸಿದರು. ಮೇಲಿನವರು ಎರಡು ನಿಮಿಷದ್ದೆಂದು ಹೇಳಿದ ಕೆಲಸಕ್ಕೆ ಕೈಹಾಕಿ ಮಧ್ಯಾಹ್ನದ ಊಟ ಕಳೆದುಕೊಂಡವರು ಆ ಕಚೇರಿಯಲ್ಲಿ ಬೇಕಾದಷ್ಟು ಜನರಿದ್ದರು. ಆದರೂ ಗೆರೆಯಪ್ಪ ತಲೆಯಾಡಿಸಿದ.

ಗೆರೆಯಪ್ಪ ಎನ್ನುವುದು ಕಚೇರಿಯವರು ಇಟ್ಟ ಹೆಸರು. ಊರಿಗೆ ನೀರು ಬಿಡುವ ಇಲಾಖೆಯ ಪ್ರಯೋಗಾಲಯದಲ್ಲಿ ಅವನು ಹತ್ತೊಂಬತ್ತು ವರ್ಷದಿಂದ ಒಬ್ಬನೇ ದುಡಿಯುತ್ತಿದ್ದ. ಮೂರು ಟ್ಯಾಂಕುಗಳಿಂದ ದಿನವೂ ಮೂರು ಬಾಟಲಿ ನೀರು ತರಿಸಿ, ಅದರಲ್ಲಿ ಕ್ರಿಮಿ ಎಷ್ಟಿದೆ ಎಂದು ಎಣಿಸಿ, ತಿಂಗಳ ಕೊನೆಗೆ ಗ್ರಾಫ್ ತೆಗೆದುಕೊಡುವುದು ಅವನ ಕೆಲಸ. ಗ್ರಾಫ್ ತೆಗೆಯುವ ಸಾಫ್ಟ್‌ವೇರ್ ಹಳೆಯ ಕಾಲದ್ದು. ಅದಕ್ಕೆ ಮೌಸ್ ಬೇಡ, ಒತ್ತುವ ಗುಂಡಿಗಳಿಲ್ಲ. ಕಪ್ಪು ಪರದೆಯ ಮೇಲೆ ಕಮಾಂಡ್ ಟೈಪ್ ಮಾಡಬೇಕು. ಒಂದು ಅಲ್ಪವಿರಾಮ ತಪ್ಪಿದರೂ ಮುನಿಸಿಕೊಂಡ ಅತ್ತೆಯ ಹಾಗೆ ಒಂದೇ ಮಾತು ಅಂದು ಬಾಯಿ ಮುಚ್ಚಿಕೊಳ್ಳುತ್ತಿತ್ತು. ಸರಿಯಾಗಿ ಬರೆದರೆ ಮಾತ್ರ ಹೇಳಿದ್ದನ್ನು ಹೇಳಿದ ಹಾಗೆ ಮಾಡುತ್ತಿತ್ತು. ಇಡೀ ಕಚೇರಿಯಲ್ಲಿ ಅವನ ಮಾತು ಕೇಳುತ್ತಿದ್ದುದು ಅದೊಂದೇ.

ಆ ತಿಂಗಳ ಗ್ರಾಫ್‌ನಲ್ಲಿ ಮೂರು ಗೆರೆಗಳಿದ್ದವು. ಗುಡ್ಡದ ಟ್ಯಾಂಕಿನದೂ ಹೊಳೆಬದಿಯ ಟ್ಯಾಂಕಿನದೂ ನೆಲ ಬಿಟ್ಟು ಮೇಲೇಳದೆ ತೆವಳುತ್ತಿದ್ದವು. ಹಳೇ ಟ್ಯಾಂಕಿನ ಗೆರೆ ಮಾತ್ರ ಹನ್ನೆರಡನೇ ತಾರೀಖಿನಿಂದ ಏಣಿ ಸಿಕ್ಕ ಕೋತಿಯ ಹಾಗೆ ಮೇಲೆ ಹತ್ತಿತ್ತು. ಆ ಟ್ಯಾಂಕಿನ ನೀರು ಕುಡಿದ ಬೀದಿಗಳಿಂದ ಮೂವತ್ತೆಂಟು ಜನ ವಾಂತಿಭೇದಿಯೆಂದು ಆಸ್ಪತ್ರೆ ಸೇರಿದ್ದರು.

ಯಾವ ಗೆರೆ ಯಾರದು ಎಂದು ಹೇಳುವ ಪುಟ್ಟ ಪೆಟ್ಟಿಗೆಗೆ ಲೆಜೆಂಡ್ ಎನ್ನುತ್ತಾರೆ. ಸಾಫ್ಟ್‌ವೇರ್ ಅದನ್ನು ತನ್ನಿಷ್ಟಕ್ಕೆ ಮೇಲೆ, ಬಲಮೂಲೆಯಲ್ಲಿ ಇಟ್ಟುಬಿಡುತ್ತದೆ. ಹಳೇ ಟ್ಯಾಂಕಿನ ಗೆರೆಯೂ ಹತ್ತಿ ಹತ್ತಿ ಅಲ್ಲಿಗೇ ಬಂದು, ಬೀರುವಿನ ಹಿಂದೆ ಅವಿತ ಕಳ್ಳನ ಹಾಗೆ ಪೆಟ್ಟಿಗೆಯ ಹಿಂದೆ ಮರೆಯಾಗಿತ್ತು. ಸಾಹೇಬರಿಗೆ ಅದು ಕಂಡಿತು. ಅಷ್ಟರಮಟ್ಟಿಗೆ ಅವರನ್ನು ಮೆಚ್ಚಬೇಕು.

"ಮೂರು ಗಂಟೆಗೆ ಮೀಟಿಂಗು. ಅಷ್ಟರೊಳಗೆ ಮೂರೂ ಟ್ಯಾಂಕಿನವರಿಗೆ ತೋರಿಸಿ ಒಪ್ಪಿಗೆ ತಗೊಂಡ್ಬಿಡಿ, ಅಲ್ಲಿ ಬಂದು ಜಗಳ ಆಡೋದು ಬೇಡ," ಎಂದರು ಸಾಹೇಬರು. "ಯಾವ ಟ್ಯಾಂಕು ಕೆಟ್ಟಿದೆಯೋ ಅದನ್ನ ಇವತ್ತೇ ಮುಚ್ಚಿಸ್ತೀನಿ."

ಹತ್ತೊಂಬತ್ತು ವರ್ಷದಲ್ಲಿ ಅವನ ಗ್ರಾಫ್ ನೋಡಿ ಯಾರೂ ಏನನ್ನೂ ಮುಚ್ಚಿಸಿರಲಿಲ್ಲ. ಗೆರೆಯಪ್ಪ ಮೆಟ್ಟಿಲುಗಳನ್ನು ಎರಡೆರಡಾಗಿ ಇಳಿದು ಪ್ರಯೋಗಾಲಯಕ್ಕೆ ಬಂದ. ಎಡಕ್ಕೆ ಎಂದು ಕಮಾಂಡ್ ಕೊಟ್ಟ. ಪೆಟ್ಟಿಗೆ ಎಡಕ್ಕೆ ಹೋಯಿತು. ನಿಜಕ್ಕೂ ಎರಡು ನಿಮಿಷವೇ ಹಿಡಿಯಿತು.

ಮೊದಲು ಬಂದವರು ಗುಡ್ಡದ ಟ್ಯಾಂಕಿನ ಇಂಜಿನಿಯರು. ತಮ್ಮ ಗೆರೆ ಇಡೀ ತಿಂಗಳು ತಳದಲ್ಲೇ ಇರುವುದನ್ನು ಕಂಡು ಮೀಸೆ ತಿರುವಿದರು. ಬಳಿಕ ಲೆಜೆಂಡ್ ನೋಡಿ ಅವರ ಮುಖ ಸಣ್ಣದಾಯಿತು. ಅದರಲ್ಲಿ ತಮ್ಮ ಹೆಸರು ಮೂರನೆಯದು. ಮೊದಲ ರ‍್ಯಾಂಕು ಬಂದವನ ಹೆಸರನ್ನು ಕೊನೆಯಲ್ಲಿ ಬರೆಯುವುದು ಯಾವ ನ್ಯಾಯ ಎಂದು ಕೇಳಿದರು. ಗೆರೆಯಪ್ಪ ಹೆಸರುಗಳ ಸಾಲನ್ನು ತಿರುವುಮುರುವು ಮಾಡಿದ.

ಆಗ ಹೊಳೆಬದಿಯ ಟ್ಯಾಂಕಿನ ಮೇಡಮ್ಮು ಬಂದರು. ಅವರಿಗೆ ಹೆಸರಿನ ಜಾಗದ ಚಿಂತೆಯಿರಲಿಲ್ಲ, ಬಣ್ಣದ್ದಿತ್ತು. ನೀರು ಅಂದಮೇಲೆ ನೀಲಿ, ಹೊಳೆಯೇ ನಮ್ಮದಾದಮೇಲೆ ನೀಲಿ ನಮ್ಮದು ಎಂದರು. ಇಂಜಿನಿಯರು ಹೊಳೆ ಹುಟ್ಟುವುದೇ ಗುಡ್ಡದಲ್ಲಿ ಎಂದರು. ನೀಲಿಯ ಮೇಲೆ ಇಬ್ಬರೂ ಮುಕ್ಕಾಲು ಗಂಟೆ ಎಳೆದಾಡಿದರು, ಅವರಿಬ್ಬರ ನಡುವೆ ಗೆರೆಯಪ್ಪ ಹಂಚಿಕೆಗೆ ಕೂತ ಆಸ್ತಿಯ ಹಾಗೆ ಮಿಸುಕಾಡದೆ ಕುಳಿತಿದ್ದ. ಕೊನೆಗೆ ಗುಡ್ಡಕ್ಕೆ ಹಸಿರು ಎಂದಾಯಿತು. ಅದಕ್ಕೆ ಬದಲಾಗಿ ಇಂಜಿನಿಯರಿಗೆ ದಪ್ಪ ಅಕ್ಷರ ಬೇಕಾಯಿತು. ಅಕ್ಷರದ ಅಳತೆ ಬದಲಿಸುತ್ತಲೇ ಮೂರು ಹೆಸರುಗಳೂ ಹೋಗಿ ಅವುಗಳ ಜಾಗದಲ್ಲಿ ಸಾಲು ಸಾಲು ಖಾಲಿ ಚೌಕಗಳು ಬಂದು ಕುಳಿತವು. ಅವನ್ನು ಮತ್ತೆ ಅಕ್ಷರ ಮಾಡುವಷ್ಟರಲ್ಲಿ ಹನ್ನೆರಡು ದಾಟಿತ್ತು.

ಆ ಹೊತ್ತಿಗೆ ಹೆಂಡತಿಯ ಫೋನು ಬಂತು. ಪಕ್ಕದ ಮನೆಯ ಮಗುವನ್ನೂ ಈಗ ಆಸ್ಪತ್ರೆಗೆ ಕರೆದುಕೊಂಡು ಹೋದರಂತೆ.

"ಎಲ್ಲರೂ ನನ್ನನ್ನೇ ಕೇಳ್ತಾರೆ ರೀ, ನಿಮ್ಮೆಜಮಾನ್ರು ನೀರಿನ ಆಫೀಸಲ್ಲೇ ಇದ್ದಾರಲ್ಲ, ಏನಂತಾರೆ ಅಂತ. ನಾನೇನು ಹೇಳ್ಲಿ?"

"ಇವತ್ತು ಸಂಜೆಯೊಳಗೆ ಮುಚ್ಚಿಸ್ತಾರೆ ಅಂತ ಹೇಳು. ಅಲ್ಲೀವರ್ಗೂ ಕುದಿಸ್ಕೊಂಡು ಕುಡೀಲಿ," ಎಂದ ಗೆರೆಯಪ್ಪ. ಮದುವೆಯಾದ ಮೇಲೆ ಅಷ್ಟು ಧೈರ್ಯವಾಗಿ ಅವನು ಅವಳಿಗೆ ಏನನ್ನೂ ಹೇಳಿರಲಿಲ್ಲ.

ಹಳೇ ಟ್ಯಾಂಕಿನ ಉಸ್ತುವಾರಿ ಸಾಹೇಬರ ಷಡ್ಡಕ. ಕಚೇರಿಯೆಲ್ಲ ಅವರನ್ನು ಷಡ್ಡಕರು ಎಂದೇ ಕರೆಯುತ್ತಿತ್ತು. ಅವರು ಊಟ ಮುಗಿಸಿ, ಹಲ್ಲಿನ ಸಂದಿಗೆ ಕಡ್ಡಿ ಹಾಕುತ್ತ ನಿಧಾನವಾಗಿ ಬಂದರು. ಮೇಲಕ್ಕೆ ಹತ್ತಿದ್ದ ತಮ್ಮ ಗೆರೆಯನ್ನು ಬಹಳ ಹೊತ್ತು ನೋಡಿದರು. ಅಂಕಿ ಸುಳ್ಳು ಎಂದು ಅವರು ಅನ್ನಲಿಲ್ಲ. ಅಂದಿದ್ದರೆ ಗೆರೆಯಪ್ಪನ ಬಳಿ ದಿನದಿನದ ಎಣಿಕೆ ಬರೆದಿಟ್ಟ ಪುಸ್ತಕವಿತ್ತು. ಅವರು ಕೇಳಿದ್ದು ಪೆಟ್ಟಿಗೆ ಮೊದಲು ಎಲ್ಲಿತ್ತು ಎಂದು.

ಬಲಕ್ಕಿತ್ತು ಎಂದ ಗೆರೆಯಪ್ಪ.

"ಅಲ್ಲೇ ಚೆನ್ನಾಗಿತ್ತಲ್ಲಪ್ಪ. ತಾನಾಗೇ ಬಂದು ಕೂತಿದ್ದನ್ನ ನೀವ್ಯಾಕೆ ಎಬ್ಬಿಸಿದ್ರಿ?"

ಸಾಹೇಬರೇ ಎಬ್ಬಿಸಲು ಹೇಳಿದ್ದೆಂದು ಗೆರೆಯಪ್ಪ ತಿಳಿಸಿದ. ಷಡ್ಡಕರು ಕಡ್ಡಿಯನ್ನು ಇನ್ನೊಂದು ಸಂದಿಗೆ ಬದಲಿಸಿದರು. ಎಡಕ್ಕಿಟ್ಟರೆ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ, ಕೆಳಕ್ಕಿಡಿ ಎಂದರು. ಕೆಳಕ್ಕಿಟ್ಟರೆ ತಮ್ಮ ಒಳ್ಳೆಯ ಗೆರೆಗಳು ಮುಚ್ಚಿಹೋಗುತ್ತವೆಂದು ಉಳಿದಿಬ್ಬರೂ ಓಡಿಬಂದರು. ಗೆರೆಯಪ್ಪ ಗ್ರಾಫ್‌ನ ಹೊರಗೇ ಇಡುವಂತೆ ಕಮಾಂಡ್ ಕೊಟ್ಟ. ಪೆಟ್ಟಿಗೆ ಹೊರಗೆ ಹೋಯಿತು, ಗ್ರಾಫ್ ಬಡವಾಯಿತು. ಅಗಲ ಕುಗ್ಗಿದ್ದಕ್ಕೆ ಹಳೇ ಟ್ಯಾಂಕಿನ ಗೆರೆ ಇನ್ನೂ ಕಡಿದಾಗಿ ಕಂಡಿತು. ಅದು ತಮ್ಮ ಮೇಲಿನ ಹಗೆ ಎಂದರು ಷಡ್ಡಕರು. ಕೊನೆಗೆ ಗ್ರಾಫ್‌ನ ಕೆಳಗೆ, ಅಂಚಿನಾಚೆ, ಮೂರು ಹೆಸರುಗಳನ್ನೂ ಅಡ್ಡಸಾಲಿನಲ್ಲಿ ಕೂರಿಸಿದ. ಯಾರ ಗೆರೆಯೂ ಮುಚ್ಚಲಿಲ್ಲ. ತಮ್ಮ ಗೆರೆಗೆ ಕೆಂಪು ಬಣ್ಣವೊಂದು ಬೇಡ, ಅದು ತಪ್ಪು ಮಾಡಿದವರ ಬಣ್ಣ ಎಂದು ಷಡ್ಡಕರು ಹಟ ಹಿಡಿದರು. ಕಂದು ಮಾಡಿದ. ಎರಡೂ ಮುಕ್ಕಾಲಿಗೆ ಮೂವರೂ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರು. ಗೆರೆಯಪ್ಪನ ಊಟದ ಡಬ್ಬಿ ಬೀಗ ಹಾಕಿದ ಮನೆಯಂತೆ ಹಾಗೇ ಕೂತಿತ್ತು. ಆದರೂ ಅವನಿಗೆ ಹೊಟ್ಟೆ ತುಂಬಿದಂತಿತ್ತು. ಗೆರೆ ಮೂರು, ಬಣ್ಣ ಮೂರು, ಹೆಸರು ಮೂರು. ಕುರುಡನಿಗೂ ಕಾಣುವ ಹಾಗಿತ್ತು.

ಪ್ರಿಂಟರು ಇದ್ದುದು ಟೈಪಿಸ್ಟ್ ಅಕ್ಕನ ಕೋಣೆಯಲ್ಲಿ. ತಿಂಗಳ ಗ್ರಾಫನ್ನು ಗೆರೆಯಪ್ಪ ಕಂಪ್ಯೂಟರಿನಲ್ಲೇ ಕಳಿಸುತ್ತಿದ್ದ, ಅದನ್ನು ಯಾರೂ ಪ್ರಿಂಟ್ ತೆಗೆಸುತ್ತಿರಲಿಲ್ಲ. ಹದಿನೈದು ಪ್ರತಿ ತೆಗೆದು ಅವಳು ಅವನ ಕೈಗಿಟ್ಟಳು. ಗೆರೆಯಪ್ಪ ನೋಡಿದ. ಮತ್ತೆ ನೋಡಿದ. ಮೂರು ಗೆರೆಗಳೂ ಕಪ್ಪಗಿದ್ದವು. ಕೆಳಗೆ ಲೆಜೆಂಡ್ ನಿಚ್ಚಳವಾಗಿ ಹೇಳುತ್ತಿತ್ತು: ಕಪ್ಪು ಗೆರೆ ಗುಡ್ಡದ ಟ್ಯಾಂಕು, ಕಪ್ಪು ಗೆರೆ ಹೊಳೆಬದಿ, ಕಪ್ಪು ಗೆರೆ ಹಳೇ ಟ್ಯಾಂಕು.

"ಬಣ್ಣದ ಇಂಕು ಮುಗಿದು ನಾಲ್ಕು ತಿಂಗಳಾಯ್ತು," ಎಂದಳು ಟೈಪಿಸ್ಟ್ ಅಕ್ಕ. "ಯಾರೂ ಕೇಳ್ಲೇ ಇಲ್ಲ."

ಐದು ನಿಮಿಷ ಸಿಕ್ಕರೆ ಒಂದು ಗೆರೆಯನ್ನು ಚುಕ್ಕಿಯಲ್ಲಿ, ಒಂದನ್ನು ತುಂಡು ತುಂಡಾಗಿ ತೆಗೆಯಬಹುದು ಎಂದು ಅವನು ಅನ್ನುತ್ತಿದ್ದಂತೆಯೇ ಷಡ್ಡಕರು ಒಳಗೆ ಬಂದರು. ಒಂದು ಪ್ರತಿಯನ್ನು ಎತ್ತಿ ನೋಡಿದರು. ಅವರ ಮುಖ ಅರಳಿತು. ಸಹಿ ಆದಮೇಲೆ ಒಂದು ಚುಕ್ಕಿಯನ್ನೂ ಮುಟ್ಟುವ ಹಾಗಿಲ್ಲ ಎನ್ನುತ್ತ ಹದಿನೈದೂ ಪ್ರತಿಗಳನ್ನು ಬಗಲಲ್ಲಿಟ್ಟುಕೊಂಡು ಮೀಟಿಂಗಿಗೆ ನಡೆದರು.

ಮೀಟಿಂಗಿನಲ್ಲಿ ಸಾಹೇಬರು ಕಾಗದವನ್ನು ಹತ್ತಿರ ಹಿಡಿದರು, ದೂರ ಹಿಡಿದರು. ಮೇಲಕ್ಕೆ ಹೋಗಿರುವುದು ಯಾರದು ಎಂದು ಕೇಳಿದರು. ಗುಡ್ಡದ ಇಂಜಿನಿಯರು ನಮ್ಮದು ತಳದ್ದು ಎಂದರು. ಮೇಡಮ್ಮು ನಮ್ಮದೂ ತಳದ್ದೇ ಎಂದರು. ಷಡ್ಡಕರು ಕಾಗದದಿಂದ ತಲೆ ಎತ್ತದೆ, ನಮ್ಮದೂ ಕೆಳಗೇ ಇದೆ ಎಂದರು. ಇಂಜಿನಿಯರಿಗೂ ಮೇಡಮ್ಮಿಗೂ ಅದು ಸುಳ್ಳೆಂದು ಗೊತ್ತಿತ್ತು. ಅವರು ಷಡ್ಡಕರನ್ನು ನೋಡಿದರು, ಸಾಹೇಬರನ್ನು ನೋಡಿದರು, ನಂತರ ತಮ್ಮ ತಮ್ಮ ಟೀ ಲೋಟಗಳನ್ನು ನೋಡಿದರು.

ಗೆರೆಯಪ್ಪ ಎದ್ದು ನಿಂತ. ಮೇಲಿನ ಗೆರೆ ಹಳೇ ಟ್ಯಾಂಕಿನದು, ಪುಸ್ತಕ ತಂದು ತೋರಿಸುತ್ತೇನೆ ಎಂದ.

"ಮೂರೂ ಜನ ಒಪ್ಪಿ ಸಹಿ ಕೊಟ್ಟಿರೋ ಗ್ರಾಫ್ ಇದು," ಎಂದರು ಷಡ್ಡಕರು ಮೆತ್ತಗೆ. "ಇದರಲ್ಲಿ ಇಲ್ಲದ್ದನ್ನ ಇವರು ಬಾಯಲ್ಲಿ ಹೇಳಿದ್ರೆ ನಡೆಯುತ್ತಾ?"

ಸಾಹೇಬರು ಅವನಿಗೆ ಕೂರಲು ಸನ್ನೆ ಮಾಡಿದರು. ಹಾಗಾದರೆ ಜನಕ್ಕೆ ಕಾಯಿಲೆ ಬಂದದ್ದು ಎಲ್ಲಿಂದ, ಈ ಕ್ರಿಮಿಗಳು ಸಿಕ್ಕಿದ್ದಾದರೂ ಎಲ್ಲಿ ಎಂದು ಕೇಳಿದರು.

"ಪ್ರಯೋಗಾಲಯದಲ್ಲಿ," ಎಂದ ಗೆರೆಯಪ್ಪ. ಸತ್ಯ ಹೇಳುವ ಅಭ್ಯಾಸ ಅಷ್ಟು ಬೇಗ ಬಿಡುವಂಥದ್ದಲ್ಲ.

ಸಾಹೇಬರ ಹುಬ್ಬುಗಳು ನಿಧಾನವಾಗಿ ಮೇಲೇರಿದವು. ಮೂರು ಟ್ಯಾಂಕಿನವರೂ ತಮ್ಮದು ಸ್ವಚ್ಛ ಎನ್ನುತ್ತಿದ್ದಾರೆ, ಸಹಿಯನ್ನೂ ಹಾಕಿದ್ದಾರೆ. ಇಡೀ ಇಲಾಖೆಯಲ್ಲಿ ಕ್ರಿಮಿ ಇದೆಯೆಂದು ಗೊತ್ತಾಗಿರುವ ಜಾಗ ಪ್ರಯೋಗಾಲಯ ಒಂದೇ ಎಂದರು ಅವರು, ಹೊಸದೇನನ್ನೋ ಕಂಡುಹಿಡಿದವರಂತೆ. ಷಡ್ಡಕರು ಮೊದಲು ತಲೆಯಾಡಿಸಿದರು. ಇಂಜಿನಿಯರು ಆಡಿಸಿದರು. ಮೇಡಮ್ಮು ಲೋಟ ಕೆಳಗಿಟ್ಟು ಆಡಿಸಿದರು.

ಆದೇಶ ಅಲ್ಲೇ ಆಯಿತು. ಮೂರು ಟ್ಯಾಂಕುಗಳ ನೀರೂ ಯಥಾಪ್ರಕಾರ ಬಿಡುವುದು. ನೀರಿನ ಪರೀಕ್ಷೆ ಇವತ್ತಿನಿಂದಲೇ ಬಂದ್. ಪ್ರಯೋಗಾಲಯವನ್ನು ಗೆರೆಯಪ್ಪನೇ ಬ್ಲೀಚಿಂಗ್ ಪುಡಿ ಹಾಕಿ ತೊಳೆಯುವುದು. ನೆಲದ ಕ್ರಿಮಿ ದಿನದಿನಕ್ಕೆ ಎಷ್ಟು ಕಡಿಮೆಯಾಯಿತೆಂದು ವಾರದ ಕೊನೆಗೆ ಗ್ರಾಫ್ ಕೊಡುವುದು.

ಸಾಹೇಬರೊಬ್ಬರನ್ನು ಬಿಟ್ಟು ಬೇರೆಯವರೆಲ್ಲ ಎದ್ದು ಹೋದ ಮೇಲೆ, ಅಭ್ಯಾಸಬಲದಿಂದ ಗೆರೆಯಪ್ಪನ ಬಾಯಿಂದ ಮಾತು ಹೊರಟಿತು.

"ಲೆಜೆಂಡ್ ಎಲ್ಲಿಡ್ಲಿ ಸರ್?"

"ಬೇಡ ಬಿಡ್ರಿ," ಎಂದರು ಸಾಹೇಬರು, ಪೆನ್ನಿಗೆ ಮುಚ್ಚಳ ಹಾಕುತ್ತ. "ಒಂದೇ ಗೆರೆ ತಾನೆ. ಯಾರದು ಅಂತ ಎಲ್ಲರಿಗೂ ಗೊತ್ತು."