ಮೇಸ್ತ್ರಿಯ ದವಡಿ

ನಮ್ಮ ಬನಹಟ್ಟಿ ಓಣ್ಯಾಗ ಒಂದು ಬಾಜೂ ಲೇಥ್ ಅಂಗಡಿ, ಎದುರಿಗೆ ನನ್ನ ಮನಿ ಕಟ್ಟಿ. ಹಿಂಗಿದ್ದಮ್ಯಾಲ ದಿನಾ ಏನರೆ ಒಂದು ಆಗೂದ. ಕಿವಿ ಮುಚ್ಚಿಕೊಂಡು ಕುಂಡ್ರಾಕ ಆಗತೈತೇನು?

೧. ಅರ್ಧಾ ಕೇಳಿದ್ದು

ಅವತ್ತು ಮುಂಜಾನೆ ಲೇಥ್ ಮೇಸ್ತ್ರಿಗೂ ಅವನ ಹೇಂತಿಗೂ ಭಾರಿ ಜಗಳ. ಉಪ್ಪಿಟ್ಟಿಗೆ ಉಪ್ಪು ಹೆಚ್ಚಾತು ಅಂತ ಅವ, ನಿಮ್ಮ ನಾಲಿಗಿ ಉದ್ದಾತು ಅಂತ ಆಕಿ. ಸ್ವಲ್ಪ ಹೊತ್ತಿಗೆ ಅಂಗಡಿ ಒಳಗಿಂದ ಧಡ್ ಅಂತ ಸಪ್ಪಳ. ಹಿಂದ ಮೇಸ್ತ್ರಿ ಧ್ವನಿ: "ಅಯ್ಯಯ್ಯೋ, ದವಡಿ ಮುರೀತಲ್ಲೋ!"

ನಾ ಜ್ವಾಳಾ ಹಸನ ಮಾಡಾಕತ್ತಿದ್ದೆ. ಮೊರಾ ಅಲ್ಲೇ ಬಿಟ್ಟೆ. ಹೇಂತಿ ಗಂಡನ ದವಡಿ ಮುರಿಯೂದು ನಮ್ಮ ಓಣ್ಯಾಗ ಮೊದಲನೇ ಸಲ. ಇಂಥಾದ್ದು ಹೊಟ್ಟ್ಯಾಗ ಇಟ್ಟುಕೊಂಡ್ರ ನನಗ ಉಂಡದ್ದು ಕರಗಂಗಿಲ್ಲ. ಹಿಟ್ಟಿನ ಗಿರಣ್ಯಾಗ ನಾಕು ಮಂದಿ ಹೆಣ್ಣಮಕ್ಕಳಿಗಷ್ಟ ಹೇಳಿದೆ. ಯಾರ ಮುಂದೂ ಆಡಬ್ಯಾಡ್ರಿ ಅಂತ ಆಣಿ ಹಾಕಿಸಿದೆ.

ಮಧ್ಯಾಹ್ನದೊಳಗ ಸುದ್ದಿ ಗಲಗಲಿ ಮುಟ್ಟಿತ್ತು. ಆಣಿ ಹಾಕಿಸದಿದ್ರ ಇಷ್ಟು ಲಗೂ ಮುಟ್ಟತಿರಲಿಲ್ಲ.

೨. ಮೆತ್ತನ್ನ ಊಟ

ಗಲಗಲಿ ಮೇಸ್ತ್ರಿಯ ಅತ್ತಿ ಊರು. ಆಕಿ ಸಜ್ಜಕದ ಡಬ್ಬಿ ಹಿಡಕೊಂಡು ಟೆಂಪೋ ಹತ್ತಿ ಬಂದೇ ಬಿಟ್ಟಳು, ಪಾಪ, ಅಳಿಯಗ ಅಗಿಯಾಕ ಬರಂಗಿಲ್ಲಂತ. ದಾರಿ ತೋರಸೂ ನೆವದಾಗ ನಾನೂ ಹಿಂದ ಹೋದೆ. ನೋಡಿದ್ರ ಮೇಸ್ತ್ರಿ ಕಟಕರೊಟ್ಟಿ, ಉಳ್ಳಾಗಡ್ಡಿ ಕಟಾಕಟಾ ಕಡಿಯಾಕತ್ತಾನ!

"ಅಳ್ಯಾರ, ದವಡಿ ಮುರದೈತಂತಲ್ರಿ?"

"ಹೂಂರಿ ಅತ್ತಿ, ಎರಡು ತುಂಡ ಆತು" ಅಂತ ಅವ ಟೇಬಲ್ ಮ್ಯಾಲಿನ ವೈಸ್ ತೋರಿಸಿದ. ಕಬ್ಬಿಣದ ಸಾಮಾನು ಅಲ್ಲಾಡದಂಗ ಕಚ್ಚಿ ಹಿಡೀತೈತಲ್ಲ, ಅದು. ಅದರ ಎರಡು ದವಡಿಯೊಳಗ ಒಂದು ಮುರಿದು ಬಿದ್ದಿತ್ತು. ಹೇಂತಿ ಮ್ಯಾಲಿನ ಸಿಟ್ಟಿಗೆ ಸುತ್ತಿಗಿ ಜೋರ ಬೀಸಿದ್ದನಂತ.

ಅತ್ತಿ ಮಗಳ ಕಡೆ ತಿರುಗಿದಳು. "ಹಂಗಾರ ನೀ ಹೊಡದಿಲ್ಲೇನ ಬೇ?"

"ಇಲ್ಲವ್ವಾ."

"ಹೌದೇನು..." ಅಂದಳು. ಧ್ವನಿಯೊಳಗ ಸಮಾಧಾನಕ್ಕಿಂತ ಬ್ಯಾಸರಾನ ಹೆಚ್ಚಿತ್ತು.

೩. ಹಲ್ಲಿಲ್ಲದ್ದು

ನಾವೆಲ್ಲಾ ನಕ್ಕರೂ ಮೂಲ್ಯಾಗ ಒಬ್ಬ ಅಳೂ ಮಾರಿ ಮಾಡಿಕೊಂಡು ನಿಂತಿದ್ದ. ಹಿಂದಿನ ಓಣಿ ಮಗ್ಗದ ಮಾಲಕ. ನಾಡಿದ್ದು ಅವನ ಮಗಳ ಕುಬಸ. ಚೊಚ್ಚಲ ಬಸುರಿ ಉಡೂ ಹಸರು ಸೀರಿ ಮಗ್ಗದ ಮ್ಯಾಲ ಅರ್ಧಕ್ಕ ನಿಂತಿತ್ತು. ಮಗ್ಗದ ಶಾಫ್ಟ್ ಕೆಟ್ಟಿತ್ತು. ಅದನ್ನ ಗಟ್ಟಿ ಹಿಡಿದು ತಿಕ್ಕಬೇಕಂದ್ರ ವೈಸ್ ಬೇಕು.

"ಅಪ್ಪ ನೇಯ್ದದ್ದ ಉಡತೇನಿ, ಇಲ್ಲಂದ್ರ ಆರತಿಗೆ ಕುಂಡ್ರಂಗಿಲ್ಲ ಅಂತ ಹಟಾ ಹಿಡದಾಳ್ರಿ" ಅಂದ.

ಉಳಿದ ಅಂಗಡಿಗೆಲ್ಲಾ ಅವತ್ತು ವಾರದ ಸೂಟಿ. ಹೊಸಾ ವೈಸ್ ಬೆಳಗಾವಿಯಿಂದ ಬರಾಕ ನಾಕು ದಿನ. ಮೇಸ್ತ್ರಿ ಹಳೇ ಟ್ರ್ಯಾಲಿಯ ಉಕ್ಕಿನ ಪಾಟಾದ ತುಂಡು ಹುಡುಕಿದ, ತೂತು ಕೊರದ, ಬೋಲ್ಟ್ ಬಿಗದು ದವಡಿ ಮಾಡಿದ. ಶಾಫ್ಟ್ ಹಿಡಿಸಿದ, ಜಾರಿತು. ಗೋಣಿತಟ್ಟು ಇಟ್ಟ, ಮತ್ತ ಜಾರಿತು. ಮಗ್ಗದವನ ಕಣ್ಣಾಗ ನೀರು.

"ಯಾಕೋ ಹಿಡೀವಲ್ದು?" ಅಂದೆ.

ಮೇಸ್ತ್ರಿ ನನ್ನ ಬೊಚ್ಚ ಬಾಯಿ ನೋಡಿದ. "ಹಲ್ಲಿಲ್ಲದ ದವಡಿ ಆಯಿ, ಏನೂ ಒಳಗ ನಿಲ್ಲಂಗಿಲ್ಲ. ನಿನಗ ಗೊತ್ತಿರಬೇಕಲ್ಲ, ಗಿರಣ್ಯಾಗ ಹೇಳಿ ಬಂದೀಯಂತಲ್ಲ."

೪. ಹಿಡಿದದ್ದು

ಸಿಟ್ಟಿಗೆದ್ದು ಹೊರಗ ಬಂದೆ. ಬಾಗಲದಾಗ ನನ್ನ ಚಪ್ಪಲ್ ಒಂದ ಐತಿ! ಒಳಗ ಹೊಳ್ಳಿ ನೋಡಿದ್ರ ಮೇಸ್ತ್ರಿ ಹೇಂತಿ ಇನ್ನೊಂದರ ತೊಗಲು ಕೊಯ್ದು ಎರಡು ತುಂಡು ಮಾಡ್ಯಾಳ. ಮುಂಜಾನಿಂದ ಗಂಡನ ಕೂಡ ಮಾತು ಬಿಟ್ಟಾಕಿ ಈಗ ಬಾಯಿ ತಗದಳು:

"ಇದನ್ನ ಇಟ್ಟು ನೋಡ್ರಿ. ಮನಿಮನಿ ತಿರುಗಿ ಪಳಗೇತಿ."

ದವಡಿಗೊಂದು ತುಂಡು ಇಟ್ಟು ಬಿಗದ. ಶಾಫ್ಟ್ ಒಂದು ಕೂದಲೆಳಿಯಷ್ಟೂ ಅಲ್ಲಾಡಲಿಲ್ಲ! ಗಂಡ ಹೇಂತಿ ಒಬ್ಬರ ಮಾರಿ ಒಬ್ಬರು ನೋಡಿ ನಕ್ಕರು, ನನ್ನ ಚಪ್ಪಲ್ ಮ್ಯಾಲ. ಸಂಜಿಗೆ ಮಗ್ಗ ಲಟಪಟಾ ಅಂತು.

ಕುಬಸದ ದಿನ ಆ ಹುಡಿಗಿ ಹಸರು ಸೀರಿ ಉಟ್ಟು ಆರತಿಗೆ ಕುಂತಳು. ಅವರಪ್ಪ ಸೀರಿ ಸೆರಗು ಮುಟ್ಟಿ ಮುಟ್ಟಿ ನೋಡಿದ. ಊಟಾ ಮುಗಿಸಿ ಹೊರಗ ಬಂದ್ರ ಮೇಸ್ತ್ರಿ ಹೊಸಾ ಚಪ್ಪಲ್ ಜೋಡಿ ಹಿಡಕೊಂಡು ನಿಂತಿದ್ದ.

"ತಗೋ ಆಯಿ. ಆದ್ರ ಒಂದು ಶರತ್ತು. ಇವನ್ನ ಮೆಟ್ಟಿಕೊಂಡು ಹಿಟ್ಟಿನ ಗಿರಣಿಗೆ ಹೋಗಂಗಿಲ್ಲ."

ಎಲ್ಲಾರ ಮುಂದ ಆಣಿ ಮಾಡಿದೆ. ಮಾತಿಗೆ ತಪ್ಪೂ ಹೆಣ್ಣಮಗಳಲ್ಲ ನಾ. ಮರುದಿನ ಹೊಸಾ ಚಪ್ಪಲ್ ಮನ್ಯಾಗ ಬಿಟ್ಟು, ಬರಿಗಾಲಿಲೇ ಗಿರಣಿಗೆ ಹೋದೆ.